ಇಂಗ್ಲೆಂಡಿಗೆ ಹೊರಟ ಪಿಯಾನೋ ಟೀಚರ್‌ಗಳೇ, ನಿಮ್ಮ ಎಲ್‌ಟಿಸಿಎಲ್ ಡಿಗ್ರಿ ಅಲ್ಲ

ಟ್ರಿನಿಟಿ, ಎಬಿಆರ್‌ಎಸ್‌ಎಂ ಅಂದ್ರೆ ಸಂಗೀತ ಪರೀಕ್ಷೆ ನಡೆಸೋ ಲಂಡನ್ನಿನ ಬೋರ್ಡುಗಳು, ಗ್ರೇಡ್ ಅಂದ್ರೆ 8ರವರೆಗೆ ಹೋಗೋ ಅವರ ಪರೀಕ್ಷೆ, ಎಲ್‌ಟಿಸಿಎಲ್ ಅಂದ್ರೆ ಅದಕ್ಕೂ ಮೇಲಿನ ಟ್ರಿನಿಟಿಯ ಒಂದು ಡಿಪ್ಲೊಮಾ. ಇದಕ್ಕಿಂತ ಹೆಚ್ಚು ಬರೆಯಕ್ಕೆ ಹೋಗಲ್ಲ, ಬೆಂಗಳೂರಲ್ಲಿ ಪಿಯಾನೋ ಕಲಿತವರಿಗೆ ಅದು ಗೊತ್ತೇ ಇರುತ್ತೆ. ನಾನು ಇಂಗ್ಲೆಂಡಲ್ಲಿ ಕೆಲವು ವರ್ಷ ಪಾಠ ಹೇಳಿ ವಾಪಸ್ ಬಂದು ಈಗ ಜಯನಗರದಲ್ಲಿದೀನಿ, ಇಲ್ಲಿಂದ ಹೊರಡೋರೂ ಅಷ್ಟೇ, ಅಲ್ಲಿಗೆ ಹೋಗಿ ಇಳಿದ ಮೇಲೆ ಗಾಬರಿಯಾಗಿ ವಾಯ್ಸ್ ನೋಟ್ ಕಳಿಸೋರೂ ಅಷ್ಟೇ, ಎಲ್ಲರೂ ಈ ಡಿಪ್ಲೊಮಾನ ಡಿಗ್ರಿಗೆ ಸಮ ಅಂದ್ಕೊಂಡು ಬೀಳೋದು ಒಂದೇ ಹಳ್ಳಕ್ಕೆ, ನಾನು ಬಿದ್ದಿದ್ದೂ ಅಲ್ಲೇ. ಅದಕ್ಕೇ ಒಂದ್ಸಲ ಬರೆದಿಟ್ಟುಬಿಡೋಣ ಅಂತ.

ಮೊದಲು ಒಳ್ಳೇ ಸುದ್ದಿ. ಮನೇಲಿ ಪಿಯಾನೋ ಹೇಳ್ಕೊಡಕ್ಕೆ ಇಂಗ್ಲೆಂಡಲ್ಲಿ ಯಾವ ಲೈಸೆನ್ಸೂ ಬೇಡ, ಸರ್ಟಿಫಿಕೇಟೂ ಬೇಡ. ಗ್ರೇಡ್ 3 ಪಾಸಾದವನೂ ಪಿಯಾನೋ ಟೀಚರ್ ಅಂತ ಬೋರ್ಡ್ ಹಾಕ್ಕೋಬಹುದು, ಕಾನೂನು ತಡೆಯಲ್ಲ. ಆದ್ರೆ ನಮ್ಮಲ್ಲಿ "ಯಾರ ಹತ್ರ ಪಾಠ ಆಯ್ತು" ಅಂತ ಕೇಳಿದ ಹಾಗೆ ಅಲ್ಲಿ ಯಾರೂ ಕೇಳಲ್ಲ, ನಿಮ್ಮ ಮೇಷ್ಟ್ರು ಎಷ್ಟೇ ದೊಡ್ಡವರಾಗಿರಲಿ ಅಲ್ಲಿನ ಪೇರೆಂಟ್ಸ್‌ಗೆ ಅವರ ಹೆಸರು ಗೊತ್ತಿರಲ್ಲ. ಕೇಳೋದು ಎರಡೇ, ನಿಮ್ಮ ಹೆಸರಿನ ಹಿಂದೆ ಏನು ಅಕ್ಷರ ಇದೆ, ನಿಮ್ಮ ಸ್ಟೂಡೆಂಟ್ಸ್ ಎಷ್ಟು ಮಾರ್ಕ್ಸ್ ತಗೊಂಡಿದಾರೆ. ಇದು ನಮಗೆ ಸ್ವಲ್ಪ ಒರಟು ಅನ್ಸುತ್ತೆ, ಆದ್ರೆ ನಿಜ ಹೇಳ್ಬೇಕಂದ್ರೆ ನನಗೆ ಈ ಪದ್ಧತೀನೇ ಇಷ್ಟ. ಎಕ್ಸಾಮಿನರ್ ಹೊರಗಿನವರು, ಅವರಿಗೆ ನಿಮ್ಮ ಮನೆತನ ಗೊತ್ತಿಲ್ಲ, ಮೇಷ್ಟ್ರ ದಾಕ್ಷಿಣ್ಯವೂ ಇಲ್ಲ.

ಈಗ ವಿಷಯಕ್ಕೆ ಬರ್ತೀನಿ. ಎಲ್‌ಟಿಸಿಎಲ್ ಇಂಗ್ಲೆಂಡಿನ ಲೆಕ್ಕದಲ್ಲಿ ಲೆವೆಲ್ 6. ಬ್ಯಾಚುಲರ್ಸ್ ಡಿಗ್ರಿಯ ಕೊನೇ ವರ್ಷವೂ ಲೆವೆಲ್ 6. ಈ ಎರಡು ವಾಕ್ಯ ಪಕ್ಕಪಕ್ಕ ಓದಿದ ತಕ್ಷಣ ನಮ್ಮವರ ತಲೇಲಿ ಒಂದು ಲೆಕ್ಕ ಶುರುವಾಗುತ್ತೆ, ಓಹೋ ಹಾಗಾದ್ರೆ ಡಿಪ್ಲೊಮಾ ಇದ್ರೆ ಡಿಗ್ರಿ ಇದ್ದಂಗೆ, ಪಿಜಿಸಿಇ (ಡಿಗ್ರಿ ಆದ ಮೇಲೆ ಮಾಡೋ ಟೀಚರ್ ಟ್ರೈನಿಂಗ್) ಮಾಡ್ಬಹುದು, ಕ್ಯೂಟಿಎಸ್ (ಶಾಲೆ ಟೀಚರ್ ಅನ್ನೋ ಅಧಿಕೃತ ಅರ್ಹತೆ) ಬರುತ್ತೆ, ಶಾಲೇಲಿ ಖಾಯಂ ಮ್ಯೂಸಿಕ್ ಟೀಚರ್ ಆಗ್ಬಹುದು. ಆಗಲ್ಲ ಕಣ್ರೀ! ಲೆವೆಲ್ ಹೇಳೋದು ಎಷ್ಟು ಕಷ್ಟ ಅಂತ ಮಾತ್ರ, ಎಷ್ಟು ಓದಿದೀರಿ ಅಂತ ಅಲ್ಲ. ಅಲ್ಲಿನ ಆನರ್ಸ್ ಡಿಗ್ರಿ ಅಂದ್ರೆ 360 ಕ್ರೆಡಿಟ್, ಮೂರು ವರ್ಷದ ಓದು. ನಿಮ್ಮ ಡಿಪ್ಲೊಮಾ ಆ ಮಟ್ಟದಲ್ಲಿ ಒಂದೇ ಒಂದು ಕೆಲಸ, ಪಿಯಾನೋ ನುಡಿಸೋದು ಅಥವಾ ಹೇಳ್ಕೊಡೋದು ಬರುತ್ತೆ ಅಂತ ತೋರಿಸುತ್ತೆ ಅಷ್ಟೇ. ಪಿಜಿಸಿಇಗೆ ಡಿಗ್ರಿ ಬೇಕು, ಜೊತೆಗೆ ಇಂಗ್ಲಿಷ್ ಮತ್ತೆ ಮ್ಯಾತ್ಸಲ್ಲಿ ಜಿಸಿಎಸ್‌ಇ (ಅಲ್ಲಿನ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಗ್ರೇಡ್ 4ಕ್ಕೆ ಸಮ ಆಗೋದು ಏನಾದ್ರೂ ಇರ್ಬೇಕು.

ಮಲ್ಲೇಶ್ವರದ ಒಬ್ಬಳು ಹುಡುಗಿ, ಪಿಯುಸಿ ಆದ ಮೇಲೆ ಕಾಲೇಜು ಬಿಟ್ಟು ಪಿಯಾನೋನೇ ಹಿಡಿದವಳು, ಒಳ್ಳೇ ಕೈ, ಎಲ್‌ಟಿಸಿಎಲ್ ಡಿಸ್ಟಿಂಕ್ಷನ್. ಮದುವೆಯಾಗಿ ಗಂಡನ ಜೊತೆ ಅಲ್ಲಿಗೆ ಹೋದ್ಲು. ಹೋಗೋಕೆ ಮುಂಚೆ ಇಲ್ಲೇ ಒಬ್ಬ ಏಜೆಂಟು "ನಿಮ್ಮ ಸರ್ಟಿಫಿಕೇಟನ್ನ ಯುಕೆ ಡಿಗ್ರಿಗೆ ಈಕ್ವಲ್ ಮಾಡಿಸಿ ಕೊಡ್ತೀವಿ ಮೇಡಂ" ಅಂತ ಹೇಳಿ ದೊಡ್ಡ ಮೊತ್ತ ಇಸ್ಕೊಂಡ. ಯೋಚನೆ ಮಾಡಿ, ಲಂಡನ್ನಿನ ಬೋರ್ಡು ಕೊಟ್ಟ ಸರ್ಟಿಫಿಕೇಟನ್ನ ಲಂಡನ್ನಿಗೆ ಪರಿಚಯ ಮಾಡಿಸಕ್ಕೆ ಬೆಂಗಳೂರಲ್ಲಿ ದುಡ್ಡು! ಯುಕೆ ಎನಿಕ್ ಅಂತ ಒಂದು ಸಂಸ್ಥೆ ಇದೆ, ಅದು ಹೊರದೇಶದ ಓದನ್ನ ಅಳೆದು ಪತ್ರ ಕೊಡುತ್ತೆ. ಅಲ್ಲಿಗೆ ಕಳಿಸ್ಬೇಕಾಗಿದ್ದು ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್. ಟ್ರಿನಿಟಿ ಡಿಪ್ಲೊಮಾ ಯುಕೆಯದ್ದೇ, ಅಲ್ಲಿನ ಪರೀಕ್ಷೆಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಆಫ್‌ಕ್ವಾಲ್‌ನ ರಿಜಿಸ್ಟರಲ್ಲಿ ಹುಡುಕಿದ್ರೆ ಯಾವ ಲೆವೆಲ್ ಅಂತ ಪುಕ್ಕಟೆ ಸಿಗುತ್ತೆ. ಒಂದು ವರ್ಷ ಅರ್ಜಿ, ಮತ್ತೆ ಅರ್ಜಿ, ಎಲ್ಲಾ ಕಡೆಯಿಂದ ಒಂದೇ ಉತ್ತರ, ಡಿಗ್ರಿ ಎಲ್ಲಿ ಅಂತ.

ಇದರ ತಮಾಷೆ ಏನಂದ್ರೆ, ಬಿಇ ಮಾಡಿ ಐಟಿಲಿ ಇದ್ದು ಬರೀ ಗ್ರೇಡ್ 8 ಇರೋ ಇನ್ನೊಬ್ಬರಿಗೆ ಅದೇ ಪಿಜಿಸಿಇ ಬಾಗಿಲು ತೆಗೆದಿರುತ್ತೆ. ಡಿಗ್ರಿ ಇದೆ, ಸಂಗೀತ ಗೊತ್ತು ಅಂತ ಕಾಲೇಜಿನವರನ್ನ ಒಪ್ಪಿಸಿದ್ರೆ ಆಯ್ತು. ಮೈಸೂರಿನ ಜಯಚಾಮರಾಜ ಒಡೆಯರ್ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲಿನ ಲೈಸೆನ್ಷಿಯೇಟ್ ತಗೊಂಡಿದ್ರು, ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಕೂಡ ಆಗಿದ್ರು, ಅವರನ್ನ ಯಾರೂ ಪಿಜಿಸಿಇ ಕೇಳಲಿಲ್ಲ ಬಿಡಿ. ನಮ್ಮನ್ನ ಕೇಳ್ತಾರೆ.

ಇಲ್ಲಿ ಬಿ.ಎಡ್ ಮಾಡಿರೋರಿಗೆ ಇನ್ನೊಂದು ಮಾತು. 2023ರಿಂದ ಇಂಡಿಯಾದ ಟೀಚರ್‌ಗಳು ನೇರವಾಗಿ ಕ್ಯೂಟಿಎಸ್‌ಗೆ ಅರ್ಜಿ ಹಾಕೋ ದಾರಿ ಇದೆ ಅಂತ ಕೇಳಿರ್ತೀರಿ. ಇದೆ, ಆದ್ರೆ ನಮ್ಮ ದೇಶದವರಿಗೆ ಅದು ಮ್ಯಾತ್ಸ್, ಸೈನ್ಸ್, ಭಾಷೆ ಹೇಳ್ಕೊಡೋರಿಗೆ. ಮ್ಯೂಸಿಕ್ ಆ ಪಟ್ಟೀಲಿ ಇಲ್ಲ.

ಹಾಗಂತ ಡಿಪ್ಲೊಮಾ ದಂಡ ಅಲ್ಲ. ಶಾಲೆಗಳಿಗೆ ವಾರಕ್ಕೆ ಒಂದೋ ಎರಡೋ ದಿನ ಹೋಗಿ ಮಕ್ಕಳಿಗೆ ಒಬ್ಬೊಬ್ಬರಿಗೇ ಪಾಠ ಹೇಳೋ ಕೆಲಸ ಇದೆ, ಪೆರಿ ಅಂತಾರೆ. ಅದಕ್ಕೆ ಕ್ಯೂಟಿಎಸ್ ಬೇಡ, ಡಿಪ್ಲೊಮಾ ಇದ್ರೆ ಸಂದರ್ಶನಕ್ಕೆ ಕರೀತಾರೆ. ಮಲ್ಲೇಶ್ವರದವಳು ಕೊನೆಗೆ ಸೇರಿದ್ದು ಇದಕ್ಕೇ, ಈಗ ಮನೆ ಪಾಠವೂ ಸೇರಿ ಚೆನ್ನಾಗೇ ಇದಾಳೆ. ಇನ್ನೂ ಡಿಪ್ಲೊಮಾ ಮಾಡದೇ ಇರೋರು ಪರ್ಫಾರ್ಮೆನ್ಸ್ ಬದಲು ಟೀಚಿಂಗ್ ಡಿಪ್ಲೊಮಾ ನೋಡಿ ಅಂತ ನನ್ನ ಸಲಹೆ, ಕೆಲಸ ಕೊಡೋರಿಗೆ ನಿಮ್ಮ ಬೀಥೋವನ್ ಸೊನಾಟಾಗಿಂತ ಎಂಟು ವರ್ಷದ ಮಗೂನ ಹೇಗೆ ಕೂರಿಸ್ತೀರಿ ಅನ್ನೋದೇ ಮುಖ್ಯ.

ಮತ್ತೆ ಸೈಟ್ ರೀಡಿಂಗ್, ಅಂದ್ರೆ ಮೊದಲ ಸಲ ನೋಡಿದ ಶೀಟನ್ನ ಅಲ್ಲೇ ಓದಿ ನುಡಿಸೋದು. 2020ರಲ್ಲಿ ಎಬಿಆರ್‌ಎಸ್‌ಎಂನವರು ಪರ್ಫಾರ್ಮೆನ್ಸ್ ಗ್ರೇಡ್ ಅಂತ ತಂದ್ರಲ್ಲ, ನಾಲ್ಕು ಪೀಸ್ ವಿಡಿಯೋ ಮಾಡಿ ಕಳಿಸೋದು, ಸ್ಕೇಲ್ ಇಲ್ಲ, ಕೇಳಿ ಗುರುತಿಸೋ ಆರಲ್ ಇಲ್ಲ, ಸೈಟ್ ರೀಡಿಂಗ್ ಇಲ್ಲ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಎಕ್ಸಾಮ್ ಸೆಂಟರ್‌ಗೆ ಓಡೋದು ತಪ್ಪಿತು ಅಂತ ಎಲ್ಲರೂ ಅದಕ್ಕೇ ಬಿದ್ದಿದಾರೆ. ಕಾಗದದ ಮೇಲೆ ಬೆಲೆ ಒಂದೇ. ಆದ್ರೆ ಅಲ್ಲಿ ಶಾಲೆ ಸಂದರ್ಶನದಲ್ಲಿ ಒಂದು ಹಾಡಿನ ಶೀಟ್ ಮುಂದಿಟ್ಟು "ಮಕ್ಕಳು ಹಾಡ್ತಾರೆ, ಜೊತೆಗೆ ನುಡಿಸಿ" ಅಂದ್ರೆ ಆಗ ಗೊತ್ತಾಗುತ್ತೆ. ಟೀಚರ್ ಆಗ್ಬೇಕು ಅನ್ನೋರು ಎಕ್ಸಾಮಿನರ್ ಮುಂದೆ ಕೂರೋ ಹಳೇ ಪ್ರಾಕ್ಟಿಕಲ್ ಪರೀಕ್ಷೆನೇ ಮಾಡಿ.

ಮಕ್ಕಳನ್ನ ಕರ್ಕೊಂಡು ಹೋಗೋ ಅಪ್ಪ ಅಮ್ಮಂದಿರಿಗೆ ಚಿಕ್ಕದಾಗಿ. ಗ್ರೇಡ್ 8 ಡಿಸ್ಟಿಂಕ್ಷನ್‌ಗೆ 30 ಯುಕಾಸ್ ಪಾಯಿಂಟ್ (ಯೂನಿವರ್ಸಿಟಿ ಸೇರೋವಾಗ ಲೆಕ್ಕಕ್ಕೆ ಬರೋ ಪಾಯಿಂಟ್), ಪಾಸ್‌ಗೆ 18, ಇದು ನಿಜ. ಆದ್ರೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಥರದವು ಪಾಯಿಂಟ್ ಲೆಕ್ಕ ಹಾಕಲ್ಲ, ಎ-ಲೆವೆಲ್ (ಅಲ್ಲಿನ ಪಿಯುಸಿ ಥರದ ಪರೀಕ್ಷೆ) ಗ್ರೇಡೇ ಕೇಳ್ತವೆ, ಸೋ ಪಾಯಿಂಟಿಗೋಸ್ಕರ ಮಗೂನ ಹಿಂಸೆ ಮಾಡ್ಬೇಡಿ. ಟ್ರಿನಿಟಿಲಿ 7 ಮುಗಿಸಿ ಅಲ್ಲಿ ಎಬಿಆರ್‌ಎಸ್‌ಎಂ 8 ಕಟ್ಟಕ್ಕೆ ಹೋದ್ರೆ ಗ್ರೇಡ್ 5 ಥಿಯರಿ ಎಲ್ಲಿ ಅಂತ ತಡೀತಾರೆ, ಟ್ರಿನಿಟಿಲಿ ಆ ನಿಯಮ ಇಲ್ಲದೇ ಇರೋದ್ರಿಂದ ನಮ್ಮ ಮಕ್ಕಳು ಥಿಯರಿ ಮುಟ್ಟೇ ಇರಲ್ಲ.

ಈಗ ಎಚ್ಚರಿಕೆ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಸ್ಟೂಡೆಂಟ್ ವೀಸಾದಲ್ಲಿ ಹೋದವರು ಮನೇಲಿ ಪಾಠ ಹೇಳಿ ದುಡ್ಡು ತಗೊಳ್ಳೋ ಹಾಗಿಲ್ಲ. ವಾರಕ್ಕೆ 20 ಗಂಟೆ ಕೆಲಸ ಮಾಡ್ಬಹುದು ಅಂತಾರಲ್ಲ, ಅದು ಇನ್ನೊಬ್ಬರ ಕೈ ಕೆಳಗೆ ಸಂಬಳಕ್ಕೆ. ಸ್ವಂತ ಪಾಠ ಅಂದ್ರೆ ಸೆಲ್ಫ್ ಎಂಪ್ಲಾಯ್‌ಮೆಂಟ್, ಅದು ನಿಷಿದ್ಧ. ರೆಸ್ಟೋರೆಂಟಲ್ಲಿ, ಮದುವೇಲಿ ದುಡ್ಡಿಗೆ ನುಡಿಸೋದೂ ನಿಷಿದ್ಧ. "ಕ್ಯಾಶ್ ತಗೊಂಡ್ರೆ ಯಾರಿಗೆ ಗೊತ್ತಾಗುತ್ತೆ" ಅನ್ನೋ ಸೀನಿಯರ್‌ಗಳ ಮಾತು ಕೇಳ್ಬೇಡಿ, ಗೊತ್ತಾದ್ರೆ ಹೋಗೋದು ವೀಸಾ, ಡಿಪ್ಲೊಮಾ ಗೋಡೆ ಮೇಲೇ ಇರುತ್ತೆ. ಓದು ಮುಗಿಸಿ ಗ್ರಾಜುಯೇಟ್ ವೀಸಾಗೆ ಬಂದ ಮೇಲೆ ಸ್ವಂತ ಪಾಠ ಶುರು ಮಾಡ್ಬಹುದು. ಸ್ಕಿಲ್ಡ್ ವರ್ಕರ್‌ನ ಹೆಂಡತಿ ಅಥವಾ ಗಂಡ ಡಿಪೆಂಡೆಂಟ್ ಆಗಿ ಹೋದ್ರೂ ಮಾಡ್ಬಹುದು. ಪಾಠದಿಂದ ಟ್ಯಾಕ್ಸ್ ವರ್ಷದಲ್ಲಿ 1000 ಪೌಂಡ್ ಮೀರಿ ಬಂದ್ರೆ ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಲಿ ರಿಜಿಸ್ಟರ್ ಮಾಡಿಸ್ಬೇಕು, ಆ ವರ್ಷ ಮುಗಿದ ಮೇಲಿನ ಅಕ್ಟೋಬರ್ 5 ಕೊನೇ ದಿನ.

ಹೊರಡೋಕೆ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಸರ್ಟಿಫಿಕೇಟಲ್ಲಿ ಹೆಸರು ಹೇಗಿದೆ ತೆಗೆದು ನೋಡಿ. ಪರೀಕ್ಷೆಗೆ ಕಟ್ಟೋವಾಗ ಟೀಚರ್ ನಿಮ್ಮ ಹೆಸರಿಗೆ ಎರಡು ಇನಿಷಿಯಲ್ ಅಂಟಿಸಿ ಬರೆದಿರ್ತಾರೆ, ಪಾಸ್‌ಪೋರ್ಟಲ್ಲಿ ಅದೇ ಇನಿಷಿಯಲ್ ಅಪ್ಪನ ಹೆಸರು, ಊರಿನ ಹೆಸರಾಗಿ ಪೂರ್ತಿ ಬಿಡಿಸ್ಕೊಂಡಿರುತ್ತೆ. ಶಾಲೆಯವರು ಡಿಬಿಎಸ್ ಚೆಕ್ (ಕ್ರಿಮಿನಲ್ ದಾಖಲೆ ಇದೆಯಾ ಅನ್ನೋ ತಪಾಸಣೆ) ಮಾಡಿಸೋವಾಗ, ಇಲ್ಲಿಂದ ಪಾಸ್‌ಪೋರ್ಟ್ ಆಫೀಸಿನ ಪೊಲೀಸ್ ಕ್ಲಿಯರೆನ್ಸ್ ಕೇಳೋವಾಗ, ಇದು ಇಬ್ಬರಾ ಒಬ್ಬರಾ ಅಂತ ಶುರು ಮಾಡ್ತಾರೆ. ಇಲ್ಲೇ ಇರೋವಾಗ ಬೋರ್ಡಿಗೆ ಬರೆದು ಕೇಳಿ, ಇಲ್ಲಾಂದ್ರೆ ಒಂದು ಅಫಿಡವಿಟ್ ಮಾಡಿಸಿ ಫೈಲಲ್ಲಿ ಇಟ್ಕೊಳ್ಳಿ, ಮಾರ್ಕ್ಸ್ ಶೀಟ್ ಒರಿಜಿನಲ್ ಜೊತೆಗೇ.