ಮೊಲದ ಹಲ್ಲು ಹದ್ದುಮೀರಿ ಬೆಳೆದರೆ

ನಮ್ಮ ಮನೆಯ ಮೊಲ ‘ಕಡ್ಲೆ’ಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಗದ್ದದ ಕೆಳಗಿನ ರೋಮ ಸದಾ ಒದ್ದೆಯಾಗಿರತೊಡಗಿತು. ನೀರಿನ ಬಟ್ಟಲಿಗೆ ಮೂತಿ ಅದ್ದಿರಬೇಕು ಅಂದುಕೊಂಡು ಮೂರು ವಾರ ಕಳೆದೆವು. ಕ್ಯಾರೆಟ್ ಚೂರನ್ನು ಬಾಯಿಗೆ ತೆಗೆದುಕೊಂಡು, ಒಂದೆರಡು ಸಲ ಅಗಿದು, ಹಾಗೇ ಉಗುಳಿದ ದಿನ ಎದೆ ಧಸಕ್ಕೆಂದಿತು. ಡಾಕ್ಟರು ಟಾರ್ಚ್ ಹಿಡಿದು ಬಾಯಿ ನೋಡುತ್ತಲೇ ಕೇಳಿದರು: ‘ತಿನ್ನೋಕೆ ಏನ್ ಕೊಡ್ತಾ ಇದ್ದೀರ?’ ಕ್ಯಾರೆಟ್, ಎಲೆಕೋಸು, ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಮಿಶ್ರ ತಿಂಡಿ ಅಂದೆ. ‘ಹುಲ್ಲು?’ ಅಂದರು. ಸುಮ್ಮನಾದೆ. ದವಡೆ ಹಲ್ಲು ಮುಳ್ಳಿನಂತೆ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು.

ಮೊಲಕ್ಕೆ 28 ಹಲ್ಲು. ಅಷ್ಟೂ ಜೀವ ಇರುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲಂತೂ ವಾರಕ್ಕೆ ಸುಮಾರು 2 ಮಿ.ಮೀ. ಉದ್ದನೆಯ ಹುಲ್ಲನ್ನು ದವಡೆ ಅಡ್ಡಡ್ಡ ಆಡಿಸಿ ಅರೆಯುವಾಗ ಮೇಲಿನ ಹಲ್ಲು ಕೆಳಗಿನದನ್ನು ತೇಯುತ್ತದೆ. ಕಾಳು, ಗುಳಿಗೆಗಳಿಗೆ (ಮೇವನ್ನು ಒತ್ತಿ ಮಾಡಿದ ಪೆಲೆಟ್) ಅಷ್ಟು ಕೆಲಸ ಬೇಕಿಲ್ಲ, ನಾಲ್ಕು ಸಲ ಕುಟ್ಟಿದರೆ ಮುಗಿಯಿತು. ಮಿಶ್ರ ತಿಂಡಿಯಲ್ಲಿ ಇನ್ನೊಂದು ತೊಂದರೆಯಿದೆ: ಮೊಲ ರುಚಿಯಾದ ಕಾಳನ್ನಷ್ಟೇ ಆರಿಸಿ ತಿಂದು ಸತ್ವವಿರುವ ಗುಳಿಗೆಯನ್ನು ತಟ್ಟೆಯಲ್ಲೇ ಬಿಡುತ್ತದೆ.

ಕುದುರೆ, ಖಡ್ಗಮೃಗಗಳ ಹಾಗೆ ಮೊಲವೂ ತಿಂದ ನಾರನ್ನು ಜಠರ ದಾಟಿದ ಮೇಲೆ, ಹಿಂದಿನ ಕರುಳಿನಲ್ಲಿ ಹುದುಗಿಸಿಕೊಳ್ಳುವ ಪ್ರಾಣಿ. ಕಾಡಿನಲ್ಲಿ ಸೊಪ್ಪುಸದೆ ಮೇಯುವ ಕಪ್ಪು ಖಡ್ಗಮೃಗಕ್ಕೆ ಮೃಗಾಲಯದ ಮೇವಿನಿಂದ ಮೈಯಲ್ಲಿ ಕಬ್ಬಿಣದಂಶ ಸೇರಿಕೊಂಡು ಕಾಯಿಲೆ ಬರುವುದುಂಟು. ಗಾತ್ರ ಎಷ್ಟೇ ಇರಲಿ, ನಮ್ಮ ಕೈಯ ಊಟ ತಿನ್ನುವ ಪ್ರಾಣಿಯ ಸಂಕಟ ಒಂದೇ.

ಒಮ್ಮೆ ಓರೆಯಾದ ದವಡೆ ಹಲ್ಲು ಮತ್ತೆ ಮೊದಲಿನಂತೆ ಆಗುವುದು ಅಪರೂಪ. ಸಕ್ಕರೆ ಕಾಯಿಲೆಯ ಹಾಗೆ, ಇದನ್ನು ಹದದಲ್ಲಿ ಇಟ್ಟುಕೊಂಡು ಬಾಳಿಸಬೇಕು.

ಮೊದಲು ತೂಕದಿಂದ ಶುರು ಮಾಡಿ

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಬುಟ್ಟಿ ಇಟ್ಟು ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ರೋಮದಡಿ ಮೊಲ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ. ಎತ್ತಿಕೊಂಡಾಗ ಗದ್ದ ಒದ್ದೆಯೇ, ಒಂದು ಕಣ್ಣು ಸೋರುತ್ತಿದೆಯೇ, ಕೆಳದವಡೆಯ ಅಂಚಿನಲ್ಲಿ ಗಂಟು ಸಿಗುತ್ತದೆಯೇ ಎಂದು ಬೆರಳಾಡಿಸಿ ನೋಡಿ. ಹಿಕ್ಕೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದರೆ ಊಟ ಕಡಿಮೆಯಾಗಿದೆ ಎಂದೇ ಅರ್ಥ.

ಆಮೇಲೆ ಡಾಕ್ಟರು

ಮೊಲ ನೋಡಿ ಅಭ್ಯಾಸವಿರುವವರನ್ನೇ ಹುಡುಕಿ. ನಾಯಿ ಬೆಕ್ಕು ನೋಡುವವರೆಲ್ಲ ಮೊಲ ನೋಡುವುದಿಲ್ಲ. ಗೊತ್ತಾಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಹಲ್ಲಿನ ಬೇರು ಎತ್ತ ಹೋಗಿದೆ ಎಂದು ತಿಳಿಯಲು ಎಕ್ಸ್‌ರೇ ಬೇಕು. ದವಡೆ ಹಲ್ಲನ್ನು ಅರಿವಳಿಕೆ ಕೊಟ್ಟು ತೇಯುತ್ತಾರೆ, ಕೆಲವು ಮೊಲಗಳಿಗೆ ಕೆಲವೇ ವಾರಗಳಿಗೊಮ್ಮೆ, ಕೆಲವಕ್ಕೆ ತಿಂಗಳುಗಳ ಮೇಲೆ. ಮೊಲ ವಾಂತಿ ಮಾಡುವ ಪ್ರಾಣಿಯಲ್ಲ, ಆದ್ದರಿಂದ ಅರಿವಳಿಕೆಗೆ ಮುಂಚೆ ನಮ್ಮ ಹಾಗೆ ಗಂಟೆಗಟ್ಟಲೆ ಉಪವಾಸ ಕೆಡವಬಾರದು.

ಬಾಚಿಹಲ್ಲನ್ನು ಉಗುರು ಕತ್ತರಿಯಿಂದ ಮನೆಯಲ್ಲೇ ಕತ್ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಹಲ್ಲು ಉದ್ದಕ್ಕೆ ಸೀಳಿ ಬೇರಿಗೆ ಕೀವು ತುಂಬಬಹುದು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ (ಪೆನಿಸಿಲಿನ್ ಜಾತಿಯ ಆಂಟಿಬಯಾಟಿಕ್) ಕೊಡುವುದು ಅದಕ್ಕಿಂತ ಅಪಾಯ: ಈ ಜಾತಿಯ ಔಷಧ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲದ ಜೀವಕ್ಕೇ ಕುತ್ತು ಬರುತ್ತದೆ.

ತಟ್ಟೆ ಬದಲಿಸುವುದು

ದಿನದ ಊಟದಲ್ಲಿ ಶೇ 80ಕ್ಕಿಂತ ಹೆಚ್ಚು ಹುಲ್ಲೇ ಇರಬೇಕು, ಹಗಲೂ ರಾತ್ರಿ ಮುಂದಿರಬೇಕು. ಪ್ಯಾಕೆಟ್ಟಿನ ಟಿಮೊಥಿ ಹುಲ್ಲು ಒಳ್ಳೆಯದೇ, ಆದರೆ ದುಬಾರಿ. ನಾನು ಗರಿಕೆಗೆ ಹೊರಳಿದೆ. ಹೂವಿನ ಅಂಗಡಿಗಳಲ್ಲಿ ಗಣೇಶನಿಗೆಂದು ಕಟ್ಟಿ ಇಡುವ ಅದೇ ಗರಿಕೆ. ಹೂ ಮಾರುವ ಅಮ್ಮನಿಗೆ ಮುಂಚೆ ಹೇಳಿಟ್ಟರೆ ದೊಡ್ಡ ಕಟ್ಟು ತಂದುಕೊಡುತ್ತಾರೆ. ‘ದಿನಾ ಪೂಜೇನಾ ಸಾರ್?’ ಅಂತ ಕೇಳಿದ್ದರು. ಮೊಲಕ್ಕೆ ಅಂದ ಮೇಲೆ ದಾರ ಸುತ್ತದೆ ಕೊಡುತ್ತಾರೆ. ಮೂರು ನೀರಿನಲ್ಲಿ ತೊಳೆದು, ಸ್ವಲ್ಪ ಹಸಿಯಾಗಿ ಕೊಡಿ, ಉಳಿದದ್ದನ್ನು ತಾರಸಿಯ ನೆರಳಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ. ರಸ್ತೆ ಬದಿಯ, ನಾಯಿ ಓಡಾಡುವ ಪಾರ್ಕಿನ ಹುಲ್ಲು ಬೇಡ. ರಾಗಿ ಹುಲ್ಲಿನಲ್ಲಿ ಸತ್ವ ಕಮ್ಮಿ. ಬೆರಕೆಗೆ ಒಂದು ಹಿಡಿ ಸಾಕು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದಂಶ ಜಾಸ್ತಿ. ಮೊಲ ಹೆಚ್ಚಿನ ಸುಣ್ಣವನ್ನು ಮೂತ್ರದಲ್ಲಿ ಕಳೆಯುವುದರಿಂದ ಮೂತ್ರಕೋಶದಲ್ಲಿ ಕೆಸರು ಕಟ್ಟಬಹುದು, ಹಾಗಾಗಿ ಬೆಳೆದ ಮೊಲಕ್ಕೆ ಅದನ್ನು ರೂಢಿ ಮಾಡಬೇಡಿ.

ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು ದಿನಕ್ಕೊಂದು ಹಿಡಿ. ಗುಳಿಗೆ, ಮೈತೂಕದ ಕಿಲೋಗೆ 25 ಗ್ರಾಂ ಮೀರದಂತೆ. ಕ್ಯಾರೆಟ್ ಗೆಡ್ಡೆ ಹಬ್ಬದ ಸಿಹಿಯಷ್ಟೇ. ಈರುಳ್ಳಿ, ಬೆಳ್ಳುಳ್ಳಿ, ಬ್ರೆಡ್ ಮುಟ್ಟಿಸಬೇಡಿ. ಹಳೆಯ ತಿಂಡಿಯನ್ನು ಒಂದೇ ದಿನ ಕಿತ್ತುಕೊಳ್ಳದೆ ಎರಡು ಮೂರು ವಾರದಲ್ಲಿ ಇಳಿಸಿ. ಕಡ್ಲೆ ಮೊದಲ ಐದು ದಿನ ಗರಿಕೆಯನ್ನು ಮೂಸಿ ಬೆನ್ನು ತಿರುಗಿಸಿತು. ಆರನೆಯ ದಿನ ಅದರ ಮೇಲೆ ಪುದೀನ ಹಿಸುಕಿ ಉದುರಿಸಿದೆ. ಒಂದು ಎಸಳನ್ನು ತುದಿಯಿಂದ ಹಿಡಿದು ಒಳಗೆಳೆದುಕೊಂಡಿತು, ದವಡೆ ಎಡಕ್ಕೆ ಬಲಕ್ಕೆ ಆಡತೊಡಗಿತು. ಆ ಕರಕರ ಸದ್ದನ್ನು ಮನೆಮಂದಿಯೆಲ್ಲ ಕೂತು ಕೇಳಿದೆವು.

ತಿನ್ನದ ದಿನ

ಎಂಟು ಹತ್ತು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಕರುಳು ನಿಂತುಹೋಗುತ್ತದೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಬಾಯಿಗೆ ಬಲವಂತವಾಗಿ ಏನೂ ಹಾಕದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಹಲ್ಲು ತೇಯಿಸಿದ ಮೇಲೆ ಎರಡು ದಿನ ಗುಳಿಗೆಯನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಮಾಡಿ, ಆರಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ತೊಟ್ಟುತೊಟ್ಟಾಗಿ ಕೊಡಬೇಕಾಗಬಹುದು. ಎಷ್ಟು, ಎಷ್ಟು ಸಲ ಎಂಬುದನ್ನು ಡಾಕ್ಟರರಿಂದ ಬರೆಸಿಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಮೊಲ ಊಟ ಬಿಡುವುದು ಬೇಗ. ನೀರನ್ನು ಬಾಟಲಿಗಿಂತ ಅಗಲ ಬಟ್ಟಲಲ್ಲಿ ಇಡಿ, ಹೆಚ್ಚು ಕುಡಿಯುತ್ತದೆ.

ಊರಿಗೆ ಹೋಗುವಾಗ ನಮ್ಮ ಪಕ್ಕದ ಮನೆಯ ಅಜ್ಜಿಗೆ ಒಣ ಗರಿಕೆಯ ಚೀಲ, ತಕ್ಕಡಿ, ಡಾಕ್ಟರ ನಂಬರ್ ಒಪ್ಪಿಸಿ ಹೋಗುತ್ತೇವೆ. ದಿನಾ ರಾತ್ರಿ ಫೋನಿನಲ್ಲಿ ಅವರು ಮೊದಲು ಹೇಳುವುದು ಹಿಕ್ಕೆಯ ಲೆಕ್ಕ.