ಮೊದಲ ಟರ್ಕಿ: ಗುರುವಾರದ ಊಟಕ್ಕೆ ಶನಿವಾರವೇ ಸಿದ್ಧತೆ

ಗುರುವಾರ ಬೆಳಿಗ್ಗೆ ಟರ್ಕಿ ಕೋಳಿಯ ಹೊಟ್ಟೆಯೊಳಗೆ ಕೈ ಹಾಕಿದಾಗ ಬೆರಳಿಗೆ ಮಂಜುಗಡ್ಡೆ ತಾಗಿತು. ಹೊರಗಿನಿಂದ ಒತ್ತಿ ನೋಡಿದರೆ ಎದೆಯ ಮಾಂಸ ಮೆತ್ತಗೇ ಇತ್ತು. ಒಳಗೆ ಮಾತ್ರ ಕತ್ತಿನ ತುಂಡು ಪಕ್ಕೆಲುಬಿಗೆ ಅಂಟಿಕೊಂಡು ಕಲ್ಲಾಗಿತ್ತು. ಸಂಜೆ ನಾಲ್ಕಕ್ಕೆ ಹತ್ತು ಜನ ಊಟಕ್ಕೆ ಬರುವವರಿದ್ದರು. ಅಮೆರಿಕಕ್ಕೆ ಬಂದ ಮೇಲೆ ನಾನು ಅಡುಗೆ ಮಾಡಿದ ಮೊದಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಅದು. ಅಂದು ಎಲೆ ಹಾಕಿದ್ದು ರಾತ್ರಿ ಎಂಟಕ್ಕೆ.

ಆಮೇಲೆ ಪ್ರತಿ ನವೆಂಬರ್‌ನ ನಾಲ್ಕನೇ ಗುರುವಾರ ಟರ್ಕಿ ಬೇಯಿಸಿದ್ದೇನೆ. ಓದಲೆಂದೋ ಕೆಲಸಕ್ಕೆಂದೋ ಬಂದು, ಈ ವರ್ಷ ಮೊದಲ ಬಾರಿಗೆ ಈ ದೊಡ್ಡ ಹಕ್ಕಿಯನ್ನು ಒಲೆಗೇರಿಸಲು ಹೊರಟ ಕನ್ನಡದ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಟಿ ಕೋಳಿ ಸಾರು ಮಾಡಿದ ಕೈಗೆ ಟರ್ಕಿ ಕಷ್ಟವಲ್ಲ. ಆದರೆ ನಾವು ಕೋಳಿಯನ್ನು ತುಂಡು ಮಾಡಿ, ಮಸಾಲೆಯಲ್ಲಿ ಮುಳುಗಿಸಿ, ಬೆಂದಿತೋ ಇಲ್ಲವೋ ಎಂದು ಒಂದು ತುಂಡು ತೆಗೆದು ನೋಡುವವರು. ಇಲ್ಲಿ ಐದೂವರೆ ಕಿಲೋ ಹಕ್ಕಿ ಇಡಿಯಾಗಿಯೇ ಬೇಯಬೇಕು, ನಡುವೆ ರುಚಿ ನೋಡುವಂತಿಲ್ಲ. ಹಾಗಾಗಿ ಕೈ ಅಳತೆಯ ಬದಲು ಎರಡನ್ನು ನಂಬಬೇಕು: ಕ್ಯಾಲೆಂಡರ್ ಮತ್ತು ಥರ್ಮಾಮೀಟರ್. ಬೇರೆ ಏನನ್ನು ಸಾಲ ತಂದರೂ ಸರಿ, ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಮಾತ್ರ ಕೊಂಡುಕೊಳ್ಳಿ.

ಶನಿವಾರ: ಕೊಳ್ಳುವುದು, ಕರಗಿಸುವುದು

ತಲೆಗೆ ಒಂದು ಪೌಂಡಿನಿಂದ ಒಂದೂವರೆ ಪೌಂಡ್ ಲೆಕ್ಕ ಹಿಡಿಯಿರಿ. ಎಂಟು ಹತ್ತು ಜನರಿಗೆ 12 ಪೌಂಡಿನ, ಅಂದರೆ ಸುಮಾರು 5.4 ಕಿಲೋದ ಹಕ್ಕಿ ಸಾಕು. ಅಂಗಡಿಯಲ್ಲಿ 20 ಪೌಂಡಿನದು ಅಗ್ಗಕ್ಕೆ ಸಿಕ್ಕರೂ ಮೊದಲ ಸಲ ಅದರ ಗೊಡವೆ ಬೇಡ. ಹಕ್ಕಿ ದೊಡ್ಡದಾದಷ್ಟೂ ಒಳಗೆ ಬೇಯುವ ಹೊತ್ತಿಗೆ ಹೊರಗೆ ಒಣಗುತ್ತದೆ. ಕೊಳ್ಳುವಾಗಲೇ ಲೇಬಲ್ ಓದಿ. ಹೆಪ್ಪುಗಟ್ಟಿಸಿದ ಎಷ್ಟೋ ಟರ್ಕಿಗಳಿಗೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ. ಅಂಥದಕ್ಕೆ ಮತ್ತೆ ಉಪ್ಪು ಹಚ್ಚಿದರೆ ಬಾಯಿಗಿಡಲಾಗದು.

ಕರಗಿಸುವುದು ಫ್ರಿಜ್‌ನಲ್ಲಿಯೇ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ ಪ್ರತಿ ನಾಲ್ಕೈದು ಪೌಂಡಿಗೆ 24 ಗಂಟೆ ಬೇಕು, 12 ಪೌಂಡಿಗೆ ಮೂರು ದಿನ. ಶನಿವಾರ ಸಂಜೆ ಇಟ್ಟರೆ ಬುಧವಾರ ಬೆಳಿಗ್ಗೆ ನಿಶ್ಚಿಂತೆಯಿಂದ ಕೈ ಹಾಕಬಹುದು. ಹೊದಿಕೆ ಬಿಚ್ಚದೆ, ಅಂಚಿರುವ ತಟ್ಟೆಯಲ್ಲಿಟ್ಟು, ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿಡಿ. ರಸ ತೊಟ್ಟಿಕ್ಕಿ ಸೊಪ್ಪು ಹಣ್ಣಿನ ಮೇಲೆ ಬೀಳಬಾರದು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಒಳಗಿನ ಹಿಮ ಕರಗುವಷ್ಟರಲ್ಲಿ ಹೊರಗಿನ ಮಾಂಸ ಬೆಚ್ಚಗಾಗಿ ರೋಗಾಣು ಬೆಳೆಯುತ್ತವೆ.

ಮರೆತಿದ್ದರೆ ದಾರಿ ಇದೆ. ಸೋರದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೌಂಡಿಗೆ ಅರ್ಧ ಗಂಟೆಯಂತೆ ಆರು ಗಂಟೆ ಹಿಡಿಯುತ್ತದೆ, ಕರಗಿದ ಕೂಡಲೇ ಬೇಯಿಸಬೇಕು. ನನ್ನ ಆ ಮೊದಲ ಗುರುವಾರ ಬೇಸಿನ್ ಮುಂದೆ ನಿಂತು ಮಾಡಿದ್ದು ಇದನ್ನೇ.

ಬುಧವಾರ: ಉಪ್ಪು, ಬ್ರೆಡ್ಡು

ಹೊದಿಕೆ ಬಿಚ್ಚಿ, ಹೊಟ್ಟೆಯ ಪೊಳ್ಳಿನಿಂದ ಕತ್ತನ್ನೂ, ಗುಂಡಿಗೆ, ಗಿಜರ್ಡ್ (ಹಕ್ಕಿಯ ಆಹಾರ ಅರೆಯುವ ಚೀಲ), ಪಿತ್ತಜನಕಾಂಗಗಳ ಪೊಟ್ಟಣವನ್ನೂ ತೆಗೆಯಿರಿ. ಪೊಟ್ಟಣ ಕೆಲವೊಮ್ಮೆ ಕತ್ತಿನ ಕಡೆಯ ಚರ್ಮದಡಿ ಅಡಗಿರುತ್ತದೆ, ಅಲ್ಲಿಯೂ ಹುಡುಕಿ.

ಈಗ ನಮ್ಮವರಿಗೆ ಒಪ್ಪಲು ಕಷ್ಟವಾಗುವ ಮಾತು. ಟರ್ಕಿಯನ್ನು ತೊಳೆಯಬೇಡಿ. ಅರಿಸಿನ, ಉಪ್ಪು ಹಾಕಿ ನಾಲ್ಕು ನೀರಿನಲ್ಲಿ ಕೋಳಿ ತೊಳೆದು ಬೆಳೆದ ನನಗೂ ಇದು ಸುಲಭವಾಗಿರಲಿಲ್ಲ. ಆದರೆ ನಲ್ಲಿಯ ನೀರಿಗೆ ರೋಗಾಣು ಸಾಯುವುದಿಲ್ಲ. ಹನಿಯೊಂದಿಗೆ ಹಾರಿ ಬೇಸಿನ್‌ಗೆ, ಪಕ್ಕದಲ್ಲಿ ಹೆಚ್ಚಿಟ್ಟ ಕೋಸಂಬರಿಗೆ ಹೋಗಿ ಕೂರುತ್ತವೆ. ಅವನ್ನು ಕೊಲ್ಲುವುದು ಒಲೆಯ ಕಾವು. ಕಾಗದದ ಟವೆಲ್‌ನಿಂದ ಒಳಹೊರಗೆ ಒತ್ತಿ ಒರೆಸಿ, ಟವೆಲ್ ಎಸೆದು, ಸೋಪು ಹಚ್ಚಿ ಕೈ ತೊಳೆದರೆ ಮುಗಿಯಿತು.

ಉಪ್ಪುನೀರು ಚುಚ್ಚದ ಹಕ್ಕಿಯಾದರೆ 12 ಪೌಂಡಿಗೆ ಎರಡೂವರೆ ದೊಡ್ಡ ಚಮಚ ಕೋಷರ್ ಉಪ್ಪು, ಅಂದರೆ ದಪ್ಪ ಹರಳಿನದು. ನಾವು ಬಳಸುವ ನುಣುಪು ಪುಡಿ ಉಪ್ಪಾದರೆ ಒಂದೂಕಾಲು ದೊಡ್ಡ ಚಮಚ ಮಾತ್ರ. ಎದೆ, ತೊಡೆ, ಒಳಭಾಗಕ್ಕೆಲ್ಲ ತಿಕ್ಕಿ, ಮುಚ್ಚದೆ ಫ್ರಿಜ್‌ನಲ್ಲಿ ಇಡೀ ರಾತ್ರಿ ಬಿಡಿ. ಉಪ್ಪು ಮೊದಲು ನೀರು ಹೊರಗೆಳೆದು, ಆ ನೀರಿನಲ್ಲಿ ಕರಗಿ ಮಾಂಸದೊಳಗೆ ಇಳಿಯುತ್ತದೆ. ಫ್ರಿಜ್‌ನ ಒಣಗಾಳಿಗೆ ಬೆಳಗಾಗುವಷ್ಟರಲ್ಲಿ ಚರ್ಮ ಬಿಗಿಯಾಗಿ ಒಣಗಿರುತ್ತದೆ. ಗರಿಗರಿ ಚರ್ಮದ ಗುಟ್ಟು ಇಷ್ಟೇ.

ಮೊದಲ ವರ್ಷ ಗರಂ ಮಸಾಲೆ, ಶುಂಠಿ ಬೆಳ್ಳುಳ್ಳಿ ಬೇಡವೆನ್ನುತ್ತೇನೆ. ಬೆಣ್ಣೆ, ಸೇಜ್ ಸೊಪ್ಪು, ಥೈಮ್, ಕಾಳುಮೆಣಸು ಸೇರಿದ ಘಮ ಆ ಹಬ್ಬದ ಮನೆಗಳದ್ದು. ಅದನ್ನು ಒಮ್ಮೆ ಅದರ ರೀತಿಯಲ್ಲೇ ಉಂಡು ನೋಡಿ. ನಮ್ಮ ಮಸಾಲೆ ಮುಂದಿನ ವರ್ಷಕ್ಕೂ ಇದ್ದೇ ಇರುತ್ತದೆ.

ಇದೇ ದಿನ ಒಂದು ಪೌಂಡ್ ಬ್ರೆಡ್ಡನ್ನು ಒಂದಂಗುಲದ ಚೌಕಗಳಾಗಿ ಕತ್ತರಿಸಿ ತಟ್ಟೆಯಲ್ಲಿ ಹರಡಿ, ರಾತ್ರಿಯಿಡೀ ಒಣಗಲು ಬಿಡಿ. ಬಾಯಲ್ಲಿಟ್ಟರೆ ಕರಗುವ ಸ್ಯಾಂಡ್‌ವಿಚ್ ಬ್ರೆಡ್ ಬೇಡ, ಗಟ್ಟಿ ತೊಗಟೆಯದನ್ನು ತನ್ನಿ. ಕತ್ತು, ಗುಂಡಿಗೆ, ಗಿಜರ್ಡನ್ನು ಈರುಳ್ಳಿ, ಕ್ಯಾರೆಟ್, ಸೆಲರಿಯೊಂದಿಗೆ ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ರಸ ತೆಗೆದಿಡಿ. ಪಿತ್ತಜನಕಾಂಗ ಹಾಕಿದರೆ ರಸ ಕಹಿಯಾಗುತ್ತದೆ.

ಸ್ಟಫಿಂಗ್: ಹೊಟ್ಟೆಯ ಹೊರಗೆ

ಎಣ್ಣೆಗಾಯಿಗೆ ಬದನೆಕಾಯಿಯೊಳಗೆ ಮಸಾಲೆ ತುಂಬುವ ಹಾಗೆ, ಒಣಗಿಸಿದ ಬ್ರೆಡ್ಡಿಗೆ ಈರುಳ್ಳಿ, ಸೊಪ್ಪು, ರಸ ಕಲಸಿದ ಈ ಸ್ಟಫಿಂಗನ್ನು ಹಕ್ಕಿಯ ಹೊಟ್ಟೆಗೆ ತುಂಬುವುದು ಹಳೆಯ ಪದ್ಧತಿ. ತುಂಬಿದರೆ ಹಸಿ ಮಾಂಸದ ರಸ ಬ್ರೆಡ್ಡಿಗೆ ಇಳಿಯುವುದರಿಂದ ಬ್ರೆಡ್ಡಿನ ನಡುಭಾಗವೂ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲೇಬೇಕು. ಅದು ಮುಟ್ಟುವಷ್ಟರಲ್ಲಿ ಎದೆಯ ಮಾಂಸ ಹತ್ತಿಯಂತಾಗಿರುತ್ತದೆ. ಬೇರೆ ಪಾತ್ರೆಯಲ್ಲಿ ಬೇಯಿಸಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಡ್ರೆಸ್ಸಿಂಗ್ ಎನ್ನುತ್ತಾರೆ.

ನಮ್ಮ ಮನೆಗಳಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಪಂಕ್ತಿಯಲ್ಲಿ ಮಾಂಸ ತಿನ್ನದವರು ಒಬ್ಬರಾದರೂ ಇರುತ್ತಾರೆ. ತರಕಾರಿ ರಸ ಹಾಕಿ, ಮೊಟ್ಟೆ ಬಿಟ್ಟು, ಬೇರೆ ಸೌಟಿನಿಂದ ಕಲಸಿ ಒಂದು ಚಿಕ್ಕ ಪಾತ್ರೆ ಸ್ಟಫಿಂಗ್ ಮಾಡಿದರೆ ಊರಿನಿಂದ ಬಂದ ಅತ್ತೆ ಮಾವ ಬರೀ ಆಲೂಗಡ್ಡೆ ತಿಂದು ಏಳಬೇಕಾಗಿಲ್ಲ. ಅದನ್ನು ಟರ್ಕಿ ಒಳಗೆ ಹೋಗುವ ಮೊದಲೇ ಓವನ್‌ನಲ್ಲಿ ಬೇಯಿಸಿ ತೆಗೆದುಬಿಡಿ.

ಅಗಲ ಬಾಣಲೆಯಲ್ಲಿ 115 ಗ್ರಾಂ ಬೆಣ್ಣೆ ಕರಗಿಸಿ, ಎರಡು ದೊಡ್ಡ ಈರುಳ್ಳಿ, ನಾಲ್ಕು ದಂಟು ಸೆಲರಿ ಸಣ್ಣಗೆ ಹೆಚ್ಚಿ ಹಾಕಿ. ಕೆಂಪಾಗುವುದು ಬೇಡ, ಹಸಿ ವಾಸನೆ ಹೋಗಿ ಮೆತ್ತಗಾದರೆ ಸಾಕು. ಕೊನೆಗೆ ಹೆಚ್ಚಿದ ಸೇಜ್, ಥೈಮ್ ಹಾಕಿ. ಬಿಸಿ ಬೆಣ್ಣೆ ತಾಗಿದೊಡನೆ ಸೇಜ್ ಕರ್ಪೂರದ ಛಾಯೆಯ ಪರಿಮಳ ಬಿಡುತ್ತದೆ, ಒಗ್ಗರಣೆಗೆ ಕರಿಬೇವು ಬಿದ್ದಾಗ ಮನೆಗೆ ತಿಳಿಯುವ ಹಾಗೆ. ಇದನ್ನು ಬ್ರೆಡ್ಡಿನ ಮೇಲೆ ಸುರಿದು ಉಪ್ಪು, ಮೆಣಸು ಬೆರೆಸಿ. ಎರಡು ಮೊಟ್ಟೆ ಒಡೆದು ಕದಡಿದ ಎರಡು ಬಟ್ಟಲು ರಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಹದ ಒಗ್ಗರಣೆ ಅವಲಕ್ಕಿಯದು: ಮುಷ್ಟಿಯಲ್ಲಿ ಹಿಡಿದರೆ ಅಂಟಬೇಕು, ಹಿಂಡಿದರೆ ನೀರು ಸುರಿಯಬಾರದು. ಕಲಸುವುದು ಗುರುವಾರ, ಓವನ್‌ಗೆ ಹೋಗುವ ಸ್ವಲ್ಪ ಮೊದಲು.

ಗುರುವಾರ

ಊಟ ನಾಲ್ಕಕ್ಕಾದರೆ ಟರ್ಕಿ ಹನ್ನೊಂದೂವರೆಗೆ ಒಳಗೆ ಹೋಗಬೇಕು. ಓವನ್ 325 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಲಿ. ಚರ್ಮಕ್ಕೆ ಬೆಣ್ಣೆ ಸವರಿ, ರೆಕ್ಕೆಯ ತುದಿಗಳನ್ನು ಬೆನ್ನಡಿಗೆ ಮಡಚಿ, ಹೊಟ್ಟೆಯೊಳಗೆ ಒಂದು ಈರುಳ್ಳಿ, ಅರ್ಧ ನಿಂಬೆ, ನಾಲ್ಕು ಸೇಜ್ ಎಲೆ ಸಡಿಲವಾಗಿ ಇಡಿ. ಎದೆ ಮೇಲ್ಮುಖವಾಗಿರಲಿ. ಅಂಗಡಿಯಲ್ಲಿ ಸಿಗುವ ತೆಳು ಅಲ್ಯುಮಿನಿಯಂ ತಟ್ಟೆಯನ್ನೇ ಬಳಸುವುದಾದರೆ ಅದರ ಅಡಿಗೆ ಗಟ್ಟಿ ಲೋಹದ ಬೇಕಿಂಗ್ ಹಲಗೆ ಕೊಡಿ. ಕುದಿಯುವ ಕೊಬ್ಬು ತುಂಬಿದ ತಟ್ಟೆ ಕೈಯಲ್ಲಿ ಬಾಗಿದರೆ ಮೈ ಸುಡುತ್ತದೆ.

ಆಮೇಲೆ ಬಾಗಿಲು ಮುಚ್ಚಿ ಬಿಟ್ಟುಬಿಡಿ. ಅರ್ಧ ಗಂಟೆಗೊಮ್ಮೆ ರಸ ಎರಚಬೇಕೆಂದು ಕೆಲವರು ಹೇಳುತ್ತಾರೆ. ಬಾಗಿಲು ತೆರೆದಾಗಲೆಲ್ಲ ಕಾವು ಇಳಿಯುತ್ತದೆ, ಒಣಗಿಸಿದ ಚರ್ಮ ಮತ್ತೆ ತೇವವಾಗುತ್ತದೆ. ಎದೆ ಹೊಂಬಣ್ಣಕ್ಕೆ ಬಂದಾಗ ಅದರ ಮೇಲಷ್ಟೇ ಅಲ್ಯುಮಿನಿಯಂ ಹಾಳೆ ಹೊದಿಸಿ. ಎದೆಗೂ ಕಾಲಿಗೂ ಬೇಯುವ ಗುಣ ಬೇರೆ. ಎದೆಯ ಬಿಳಿ ಮಾಂಸ 165 ದಾಟಿದಷ್ಟೂ ಒಣಗುತ್ತದೆ. ನಾರು ಹೆಚ್ಚಿರುವ ತೊಡೆ 175ಕ್ಕೆ ಏರಿದಾಗಲೇ ಮೃದುವಾಗುತ್ತದೆ. ಹಾಳೆ ಎದೆಗೆ ನೆರಳು ಕೊಟ್ಟು ಈ ಅಂತರ ಕಾಯುತ್ತದೆ.

ಇಷ್ಟು ತೂಕಕ್ಕೆ ಸುಮಾರು ಮೂರು ಗಂಟೆ ಬೇಕು. ಎರಡೂವರೆ ಗಂಟೆಯಾದೊಡನೆ ಥರ್ಮಾಮೀಟರ್ ಚುಚ್ಚಿ ನೋಡಿ: ಎದೆಯ ದಪ್ಪಭಾಗದಲ್ಲಿ, ತೊಡೆಯ ಒಳಮೂಲೆಯಲ್ಲಿ, ರೆಕ್ಕೆಯ ಸಂದಿನಲ್ಲಿ. ತುದಿ ಮೂಳೆಗೆ ತಾಗಿದರೆ ಅಂಕಿ ಸುಳ್ಳಾಗುತ್ತದೆ. ಮೂರೂ ಕಡೆ 165, ಅಂದರೆ 74 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೊರತೆಗೆಯಿರಿ. ಕೆಲವು ಹಕ್ಕಿಗಳಿಗೆ ಚುಚ್ಚಿ ಬರುವ ಪ್ಲಾಸ್ಟಿಕ್ ಸೂಚಕ ಮೇಲೆದ್ದಿತೆಂದು ಮಾತ್ರ ತೃಪ್ತರಾಗಬೇಡಿ, ಅದು ಒಂದೇ ಜಾಗದ ಸಾಕ್ಷಿ.

ಹೊರಬಂದ ಹಕ್ಕಿ ನಲವತ್ತು ನಿಮಿಷ ಸುಮ್ಮನೆ ಕೂರಲಿ. ಕೂಡಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲು. ಆ ಬಿಡುವಿನಲ್ಲಿ ಓವನ್ 350ಕ್ಕೆ ಏರಿಸಿ, ಸ್ಟಫಿಂಗನ್ನು ಇಪ್ಪತ್ತೈದು ನಿಮಿಷ ಮುಚ್ಚಿ, ಹದಿನೈದು ನಿಮಿಷ ತೆರೆದು ಬೇಯಿಸಿ. ನಡುವೆ 165 ಇರಲಿ, ಮೇಲ್ಭಾಗ ಕೆಂಪಾಗಲಿ.

ಗ್ರೇವಿಯೂ ಅದೇ ಬಿಡುವಿನಲ್ಲಿ ಆಗುತ್ತದೆ. ತಟ್ಟೆಯಲ್ಲಿ ಇಳಿದ ಕೊಬ್ಬಿನಿಂದ ಕಾಲು ಬಟ್ಟಲು ತೆಗೆದು ಬಾಣಲೆಗೆ ಹಾಕಿ, ಕಾಲು ಬಟ್ಟಲು ಮೈದಾ ಸೇರಿಸಿ ಉಪ್ಪಿಟ್ಟಿಗೆ ರವೆ ಹುರಿಯುವಷ್ಟೇ ತಾಳ್ಮೆಯಿಂದ ಘಮ ಬರುವವರೆಗೆ ಹುರಿಯಿರಿ. ಬಿಸಿ ರಸ ಮೂರು ಬಟ್ಟಲು, ಗಂಟಾಗದಂತೆ ತಿರುವುತ್ತಾ ಹಾಕಿ. ತಟ್ಟೆಯ ತಳಕ್ಕೆ ಹಿಡಿದ ಕಂದು ಸತ್ವವನ್ನು ಕೆರೆದು ಸೇರಿಸಲು ಮರೆಯಬೇಡಿ.

ಕೊಯ್ಯುವಾಗ ಮೊದಲು ಕಾಲು. ತೊಡೆಗೂ ಮೈಗೂ ನಡುವಿನ ಚರ್ಮ ಸೀಳಿ, ಕಾಲನ್ನು ಹೊರಕ್ಕೆ ಬಾಗಿಸಿದರೆ ಕೀಲು ತಾನಾಗಿ ಕಳಚುತ್ತದೆ. ಅಲ್ಲಿ ಚಾಕು ಇಳಿಸಿ. ಎದೆಯನ್ನು ನಡುಮೂಳೆಯ ಗುಂಟ ಸೀಳಿ ಇಡಿಯಾಗಿ ಬಿಡಿಸಿ, ಹಲಗೆಯ ಮೇಲಿಟ್ಟು ಅಡ್ಡಡ್ಡ ಹೋಳು ಮಾಡಿ. ಪ್ರತಿ ಹೋಳಿಗೂ ಒಂದು ಪಟ್ಟಿ ಚರ್ಮ ಬರಲಿ. ಕತ್ತಿನ ಬುಡದ ಕವಲು ಮೂಳೆಯನ್ನು ಮಕ್ಕಳಿಗಾಗಿ ತೆಗೆದಿಡಿ. ಒಣಗಿದ ಮೇಲೆ ಇಬ್ಬರು ಎರಡು ತುದಿ ಹಿಡಿದು ಎಳೆಯುತ್ತಾರೆ. ಉದ್ದ ತುಂಡು ಬಂದವರ ಆಸೆ ಈಡೇರುತ್ತದೆಂಬ ನಂಬಿಕೆ ಅಲ್ಲಿಯದು.

ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಮೂರು ನಾಲ್ಕು ದಿನದಲ್ಲಿ ಮುಗಿಯಬೇಕು. ಮೂಳೆಗೂಡನ್ನು ಎಸೆಯಬೇಡಿ. ಶುಕ್ರವಾರ ಅದನ್ನು ಮುರಿದು ದೊಡ್ಡ ಪಾತ್ರೆಯಲ್ಲಿ ಮೂರು ಗಂಟೆ ಕುದಿಸಿ, ಸೋಸಿ, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಹಾಕಿ, ಹುಣಸೆ ಕಿವುಚಿ ಒಂದು ಕುದಿ ಬರಿಸಿ. ಹೊರಗಿನ ನವೆಂಬರ್ ಚಳಿಗೆ, ಬಿಸಿ ಅನ್ನದ ಮೇಲೆ ಆ ಮೆಣಸಿನ ಸಾರನ್ನು ಎರಡು ಸೌಟು ಬಡಿಸಿ.