ಹೋಗುವಾಗಲೂ ‘ಎ’, ಬರುವಾಗಲೂ ‘ಎ’

ಮೊದಲ ಸಲ ವಿಮಾನ ಹತ್ತಿದಾಗ ಕಿಟಕಿ ಸೀಟಿಗೆಂದೇ ಹೆಚ್ಚು ಹಣ ತೆತ್ತಿದ್ದೆ. ಬೆಂಗಳೂರಿನಿಂದ ದೆಹಲಿಯವರೆಗೂ ಕಂಡದ್ದು ಬಿಳಿಯ ರೆಕ್ಕೆ ಮತ್ತು ಅದರ ಮೇಲೆ ಕಣ್ಣು ಕುಕ್ಕುವ ಬಿಸಿಲು. "ತಗಡು ನೋಡುವುದಕ್ಕೆ ಇಷ್ಟು ದುಡ್ಡು ಕೊಟ್ಟಿರಾ?" ಎಂದಳು ಹೆಂಡತಿ. ಮಂಡ್ಯದ ಹೆಣ್ಣುಮಗಳು, ಸುತ್ತಿ ಬಳಸಿ ಮಾತನಾಡುವುದಿಲ್ಲ.

ಅಂದಿನಿಂದ ಸೀಟು ಆರಿಸುವ ಮುನ್ನ ನಕ್ಷೆ ಬಿಡಿಸಿ ಕೂರುತ್ತೇನೆ. ಹೊರಡುವ ಊರಿಗೂ ತಲುಪುವ ಊರಿಗೂ ಪೆನ್ಸಿಲಿನಲ್ಲಿ ಒಂದು ಗೆರೆ. ನೋಡಬೇಕಾದದ್ದು ಗೆರೆಯ ಯಾವ ಬದಿಗಿದೆ, ಆ ಹೊತ್ತಿಗೆ ಸೂರ್ಯ ಯಾವ ಬದಿಗಿರುತ್ತಾನೆ? ಇವೆರಡು ಗೊತ್ತಾದರೆ ಸಾಕು. ‘ಎ’ ಎಂದರೆ ಎಡಗಡೆಯ ಕಿಟಕಿ. ನಮ್ಮ ದೇಶದೊಳಗೆ ಹಾರುವ ಸಾಮಾನ್ಯ ವಿಮಾನಗಳಲ್ಲಿ ‘ಎಫ್’ ಎಂದರೆ ಬಲಗಡೆಯದು.

ಡಾರ್ಜಿಲಿಂಗಿಗೆ ಹೋದಾಗ ಈ ಲೆಕ್ಕ ಮೊದಲ ಬಾರಿ ಕೈಹಿಡಿಯಿತು. ದೆಹಲಿಯಿಂದ ಅಲ್ಲಿಗೆ ಹತ್ತಿರದ ವಿಮಾನ ನಿಲ್ದಾಣವಾದ ಬಾಗ್ದೋಗ್ರಾಗೆ ಪೂರ್ವದತ್ತ ಹಾರುವಾಗ ಹಿಮಾಲಯ ಉತ್ತರಕ್ಕೆ, ಅಂದರೆ ಎಡಕ್ಕೆ. ನವೆಂಬರಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಬಿಸಿಲು ಬೀಳುವುದು ಪರ್ವತದ ಮೇಲೆ, ನಮ್ಮ ಮುಖಕ್ಕಲ್ಲ. ಬೇಲಿ ಕಟ್ಟಿದಂತೆ ಸಾಲಾಗಿ ನಿಂತ ಶಿಖರಗಳನ್ನು ನೋಡುತ್ತ ಕಾಫಿ ಆರಿಹೋದದ್ದೇ ತಿಳಿಯಲಿಲ್ಲ. ಮರಳುವಾಗ ‘ಎಫ್’ ಹಿಡಿದೆವು.

ಸಾಲಿನ ಸಂಖ್ಯೆಯನ್ನೂ ನೋಡಬೇಕು. ಏರ್‌ಬಸ್ ಎ320ರಲ್ಲಿ ಸುಮಾರು ಹತ್ತರಿಂದ ಇಪ್ಪತ್ತರವರೆಗಿನ ಸಾಲುಗಳಿಗೆ ರೆಕ್ಕೆ ಅಡ್ಡ. ಅದರ ಹಿಂದೆ ಕುಳಿತರೆ ಎಂಜಿನ್ನಿನ ಬಿಸಿ ಗಾಳಿಗೆ ದೃಶ್ಯ ನಡುಗುತ್ತದೆ, ಫೋಟೊ ಮಸುಕಾಗುತ್ತದೆ. ಬೋಯಿಂಗ್ 737ರಲ್ಲಿ ಇನ್ನೊಂದು ಮೋಸವಿದೆ: ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾದುಹೋಗುವುದರಿಂದ ರೆಕ್ಕೆಯ ಮುಂದಿನ ಒಂದೆರಡು ಕಿಟಕಿ ಸೀಟುಗಳಿಗೆ ಕಿಟಕಿಯೇ ಇರುವುದಿಲ್ಲ! ಪೋಲರಾಯ್ಡ್ ಕನ್ನಡಕವನ್ನು ಮನೆಯಲ್ಲೇ ಬಿಡಿ, ಕಿಟಕಿಯ ತುಂಬ ಬಣ್ಣದ ಪಟ್ಟೆಗಳು ಕಾಣಿಸುತ್ತವೆ.

ಆದರೆ ನನಗೆ ಪ್ರಿಯವಾದ ಹಾರಾಟ ನಮ್ಮ ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಹೊರಡುವ ಎಟಿಆರ್-72 ಎಂಬ ಪುಟ್ಟ ವಿಮಾನದ್ದು. ಇದರ ರೆಕ್ಕೆ ತಲೆಯ ಮೇಲಿರುತ್ತದೆ, ಆದ್ದರಿಂದ ಕೆಳಗಿನ ನೆಲಕ್ಕೆ ಅಡ್ಡಿಯಿಲ್ಲ. ಎಂಜಿನ್ ಮತ್ತು ಪ್ರೊಪೆಲ್ಲರ್ ಕಣ್ಣಿಗೆ ಅಡ್ಡ ಬರಬಾರದೆಂದರೆ ಹಿಂದಿನ ಸಾಲು ಒಳ್ಳೆಯದು. ಹತ್ತಿಳಿಯುವ ಬಾಗಿಲೂ ಹಿಂದೆಯೇ ಇರುವುದರಿಂದ ಬೇಗ ಇಳಿಯಬಹುದು. ಜೆಟ್‌ಗಳಷ್ಟು ಎತ್ತರಕ್ಕೆ ಏರುವುದಿಲ್ಲ, ಕೆರೆ ಕಟ್ಟೆ ಗುರುತು ಸಿಗುತ್ತವೆ.

ಹೈದರಾಬಾದಿನಲ್ಲಿರುವ ಮಗಳ ಮನೆಗೆ ಹೋಗುವಾಗ ನನಗೂ ಹೆಂಡತಿಗೂ ಜಗಳವಾಗುತ್ತಿತ್ತು. ನನಗೆ ಕೃಷ್ಣರಾಜಸಾಗರ ಕಾಣಬೇಕು, ಅವಳಿಗೆ ತವರು. ಉತ್ತರಕ್ಕೆ ಹಾರುವಾಗ ಅಣೆಕಟ್ಟು ಎಡಕ್ಕೆ, ಮಂಡ್ಯ ಬಲಕ್ಕೆ. ಗೆರೆ ಎಳೆದು ನೋಡಿದ ಮೇಲೆ ನ್ಯಾಯ ತೀರಿತು: ಹಿಂತಿರುಗುವಾಗ ಎಡಬಲ ಅದಲುಬದಲಾಗುತ್ತದೆ, ಮಂಡ್ಯವೇ ಎಡಕ್ಕೆ ಬರುತ್ತದೆ. ಹಾಗಾಗಿ ಎರಡು ಕಡೆಗೂ ‘ಎ’. ಬೆಳಿಗ್ಗೆ ಹೋಗಿ ಸಂಜೆ ಬರುವುದಾದರೆ ಎರಡು ಸಲವೂ ಬಿಸಿಲು ಇನ್ನೊಂದು ಬದಿಗೇ. ನೆರಳಿನ ಬದಿಗೆ ಇನ್ನೊಂದು ಲಾಭವಿದೆ: ಕೆಳಗೆ ಮೋಡವಿದ್ದರೆ ಅದರ ಮೇಲೆ ವಿಮಾನದ ನೆರಳು ಬಿದ್ದು, ಸುತ್ತಲೂ ಬಣ್ಣದ ಬಳೆ ಮೂಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

ಪೂರ್ವಕ್ಕೆ ಮುಖ ಮಾಡಿ ಮೇಲೇರಿದರೆ ಚಾಮುಂಡಿ ಬೆಟ್ಟವೂ ಎಡಕ್ಕೇ. ಗಾಳಿ ನೋಡಿಕೊಂಡು ಪಶ್ಚಿಮಕ್ಕೆ ಹೊರಟರೆ ಮಾತ್ರ ಬೆಟ್ಟ ಕೈತಪ್ಪುತ್ತದೆ, ಅದು ನಮ್ಮ ಕೈಯಲ್ಲಿಲ್ಲ.

ಕಳೆದ ಸಲ ವಾಪಸು ಬರುವಾಗ ವಿಶ್ವೇಶ್ವರಯ್ಯ ನಾಲೆಯ ನೀರು ತುಂಬಿದ ಗದ್ದೆಗಳು ಕನ್ನಡಿಯ ಚೂರುಗಳಂತೆ ಹೊಳೆಯುತ್ತಿದ್ದವು. ಅವಳು ಒಂದು ಬಿಳಿ ಚುಕ್ಕೆಯನ್ನು ತೋರಿಸಿ "ಅದೇ ನಮ್ಮಪ್ಪನ ಮನೆ" ಎಂದಳು. ನನಗೆ ಅದು ಯಾವುದೋ ಅಕ್ಕಿ ಗಿರಣಿಯಂತೆ ಕಂಡಿತು. ಹೌದೌದು ಎಂದೆ.